ಅರ್ಧ ಸಬ್ಸಿಡಿಯ ಆಹಾರ ಉದ್ದಿಮೆ ಸಾಲ: ಉತ್ತರ ಕನ್ನಡದಲ್ಲಿ ಯಾರ ಕೈ ಹಿಡಿಯುತ್ತದೆ, ಎಲ್ಲಿ ಎಡವುತ್ತದೆ

ಪಿಎಂಎಫ್‌ಎಂಇ ಅಂದರೆ ಊರಲ್ಲಿ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ‘ಅರ್ಧ ಸಬ್ಸಿಡಿ ಸಿಗುವ ಸಾಲ’ ಅಂದರೆ ಕೂಡಲೇ ಗೊತ್ತಾಗುತ್ತದೆ. ಪೂರ್ತಿ ಹೆಸರು ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆ. 2020ರ ಜೂನ್ 29ರಂದು ಶುರುವಾಯಿತು. ದೇಶಕ್ಕೆಲ್ಲ ಸೇರಿ 10,000 ಕೋಟಿ ರೂಪಾಯಿ, ಗುರಿ 2 ಲಕ್ಷ ಘಟಕಗಳು. ಹಣದಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಮೂಲ ನಿಯಮದಲ್ಲಿ ಒಬ್ಬ ಉದ್ದಿಮೆದಾರನಿಗೆ ಸಿಗುವುದು ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಇದರ ಮೇಲೆ ಶೇ 15 ಸೇರಿಸಿ ಶೇ 50 ಮಾಡಿತು, ಮಿತಿಯನ್ನು 15 ಲಕ್ಷಕ್ಕೆ ಏರಿಸಿತು. ಅದರಲ್ಲಿ ಕೇಂದ್ರದ ಪಾಲು (ಮೂಲ 10 ಲಕ್ಷದ ಶೇ 60) 6 ಲಕ್ಷ, ಉಳಿದ 9 ಲಕ್ಷ ರಾಜ್ಯದ ಪಾಲು. ರಾಜ್ಯದಲ್ಲಿ ಇದರ ಉಸ್ತುವಾರಿ ಕೃಷಿ ಉತ್ಪನ್ನಗಳ ಸಂಸ್ಕರಣೆ, ರಫ್ತು ನೋಡಿಕೊಳ್ಳುವ ರಾಜ್ಯ ನಿಗಮವಾದ ಕೆಪೆಕ್‌ದು, ಜಿಲ್ಲೆಯಲ್ಲಿ ಕೃಷಿ ಇಲಾಖೆಯದು. ‘ಒಂದು ಜಿಲ್ಲೆ, ಒಂದು ಉತ್ಪನ್ನ’ದ ಪಟ್ಟಿಯಲ್ಲಿ ಉತ್ತರ ಕನ್ನಡಕ್ಕೆ ಬಂದದ್ದು ಸಾಂಬಾರ ಪದಾರ್ಥ. ಹಾಗಂತ ಹಲಸು, ಮುರುಗಲು (ಕೋಕಂ), ಬಾಳೆಕಾಯಿಯ ಘಟಕಕ್ಕೆ ಬಾಗಿಲು ಮುಚ್ಚಿಲ್ಲ.

ಇಂಥ ಯೋಜನೆ ಗೆದ್ದಿತೋ ಸೋತಿತೋ ಎಂದು ಹೇಳುವಾಗ ಸಾಮಾನ್ಯವಾಗಿ ಬರುವುದು ಎರಡು ಲೆಕ್ಕ: ಎಷ್ಟು ಸಾಲ ಮಂಜೂರಾಯಿತು, ಎಷ್ಟು ಸಬ್ಸಿಡಿ ಬಿಡುಗಡೆಯಾಯಿತು. ಎರಡೂ ಸರ್ಕಾರದ ಕೈಯಿಂದ ಹೋದದ್ದರ ಲೆಕ್ಕ. ಉದ್ದಿಮೆದಾರನ ಅಂಗಳದಲ್ಲಿ ಏನು ಬದಲಾಯಿತು ಎನ್ನುವುದು ಅದರಲ್ಲಿ ಸಿಗುವುದಿಲ್ಲ. ‘ನೀನು ಅರ್ಧ ಹಾಕು, ನಾನು ಅರ್ಧ ಹಾಕುತ್ತೇನೆ’ ಎನ್ನುವ ಯಾವುದೇ ಸಮಪಾಲು ಅನುದಾನಕ್ಕೆ ಕೇಳಬೇಕಾದ ಪ್ರಶ್ನೆ ಒಂದೇ: ಈ ದುಡ್ಡು ಬರದಿದ್ದರೂ ಆ ಯಂತ್ರ ಅಲ್ಲಿ ಬಂದು ಕೂರುತ್ತಿತ್ತೇ? ಕೂರುತ್ತಿತ್ತು ಎಂದಾದರೆ, ಬೊಕ್ಕಸದಿಂದ ಹೋದದ್ದು ಉಳ್ಳವರಿಗೆ ಕೊಟ್ಟ ರಿಯಾಯಿತಿ ಮಾತ್ರ. ಈ ವಿಮರ್ಶೆ ಆ ಪ್ರಶ್ನೆಯನ್ನೇ ಹಿಡಿದು ಹೊರಟಿದೆ.

ಮೊದಲು ಹಣದ ದಾರಿ. ಶೇ 50 ಅಂದರೆ ಅರ್ಧ ದುಡ್ಡು ಕೈಗೆ ಬರುತ್ತದೆ ಎಂದು ತಿಳಿದು ಅರ್ಜಿ ಹಾಕುವವರು ಬಹಳ. ಹಾಗಲ್ಲ. ಇದು ಸಾಲಕ್ಕೆ ಜೋಡಿಸಿದ ಸಹಾಯಧನ, ಬ್ಯಾಂಕಿನ ಸಾಲ ಇಲ್ಲದೆ ಒಂದು ಪೈಸೆಯೂ ಇಲ್ಲ. 6 ಲಕ್ಷದ ಘಟಕವನ್ನೇ ತೆಗೆದುಕೊಳ್ಳಿ. ಕೈಯಿಂದ ಹಾಕಬೇಕಾದದ್ದು ಕನಿಷ್ಠ ಶೇ 10, ಅಂದರೆ 60,000. ಬ್ಯಾಂಕು ಕೊಡುವ ಸಾಲ 5,40,000. ಸಾಲ ಬಿಡುಗಡೆಯಾದ ಮೇಲೆ ಬ್ಯಾಂಕು ಸಬ್ಸಿಡಿಗೆ ಬೇಡಿಕೆ ಕಳಿಸುತ್ತದೆ. 3,00,000 ಬಂದು ನಿಮ್ಮ ಹೆಸರಿನ ಪ್ರತ್ಯೇಕ ಖಾತೆಯಲ್ಲಿ ಕೂರುತ್ತದೆ. ಅದನ್ನು ಮುಟ್ಟುವ ಹಾಗಿಲ್ಲ. ಆದರೆ ಸಾಲದಲ್ಲಿ ಅಷ್ಟು ಮೊತ್ತಕ್ಕೆ ಬ್ಯಾಂಕು ಬಡ್ಡಿ ಹಾಕಬಾರದು. ಮೂರು ವರ್ಷ ಕಳೆದ ಮೇಲೆ ಘಟಕ ನಡೆಯುತ್ತಿದ್ದು, ಕಂತುಗಳು ಸರಿಯಾಗಿದ್ದರೆ, ಆ 3 ಲಕ್ಷ ಸಾಲಕ್ಕೆ ವಜಾ ಆಗುತ್ತದೆ. ನಿಜವಾಗಿ ತೀರಿಸಬೇಕಾದ ಅಸಲು 2,40,000.

ಎಡವುವುದು ನಡುವಿನ ತಿಂಗಳುಗಳಲ್ಲಿ. ಸಬ್ಸಿಡಿ ಬಂದು ಖಾತೆಗೆ ಸೇರುವವರೆಗೆ ಪೂರ್ತಿ 5,40,000ಕ್ಕೂ ಬಡ್ಡಿ ಓಡುತ್ತಲೇ ಇರುತ್ತದೆ. ಶೇ 11ರ ದರದಲ್ಲಿ ಆರು ತಿಂಗಳಿಗೆ 29,700 ಆಗುತ್ತದೆ. 2,40,000ಕ್ಕೆ ಮಾತ್ರ ಆಗಿದ್ದರೆ 13,200. ವಿಳಂಬದ ಬೆಲೆ 16,500 ರೂಪಾಯಿ, ಅದೂ ಯಂತ್ರ ಇನ್ನೂ ಪ್ಯಾಕಿಂಗ್ ಬಿಚ್ಚದೆ ನಿಂತಿರುವ ಕಾಲದಲ್ಲಿ. ಹಾಗಾಗಿ ಮಂಜೂರಾತಿ ಪತ್ರಕ್ಕೆ ಸಹಿ ಹಾಕುವ ಮೊದಲೇ ಮೂರು ವಿಷಯ ಬರಹದಲ್ಲಿ ಕೇಳಿಕೊಳ್ಳಬೇಕು. ಅಸಲಿನ ಕಂತು ಶುರುವಾಗುವ ಮುನ್ನ ಎಷ್ಟು ತಿಂಗಳ ಬಿಡುವು ಇದೆ, ಸಬ್ಸಿಡಿ ಬೇಡಿಕೆಯನ್ನು ಶಾಖೆ ಎಷ್ಟು ದಿನದೊಳಗೆ ಕಳಿಸುತ್ತದೆ, ಸಬ್ಸಿಡಿ ಬಂದ ದಿನದಿಂದ ಕಂತನ್ನು ಮರುಲೆಕ್ಕ ಮಾಡುತ್ತದೆಯೇ. ಮೂರನೆಯದನ್ನು ಕೇಳದೆ ಬಿಟ್ಟವರು ಸಬ್ಸಿಡಿ ಬಂದ ಮೇಲೂ ಹಳೆಯ ಕಂತನ್ನೇ ಕಟ್ಟುತ್ತಾ ಹೋಗುವ ಅಪಾಯವಿದೆ. ಆಮೇಲೆ ಪ್ರತಿ ಮೂರು ತಿಂಗಳಿಗೊಮ್ಮೆ ಸಾಲದ ಖಾತೆಯ ವಿವರ ತೆಗೆಸಿ, ಬಡ್ಡಿ ಯಾವ ಮೊತ್ತದ ಮೇಲೆ ಬಿದ್ದಿದೆ ಎಂದು ಕೈಯಲ್ಲೇ ಲೆಕ್ಕ ಹಾಕಿ ನೋಡಿ.

ಎರಡನೆಯ ಸೋರಿಕೆ ಕೊಟೇಶನ್‌ನಲ್ಲಿದೆ. ಯಂತ್ರ ಮಾರುವವರಿಗೆ ಇದು ಸಬ್ಸಿಡಿ ಗಿರಾಕಿ ಎಂದು ಗೊತ್ತಾದ ಕೂಡಲೇ ದರ ಮೇಲೇರಬಹುದು. ನಗದು ಕೊಟ್ಟರೆ 2 ಲಕ್ಷಕ್ಕೆ ಸಿಗುವ ಯಂತ್ರಕ್ಕೆ 2,60,000ದ ಕೊಟೇಶನ್ ಬಂತು ಎನ್ನಿ. ಅರ್ಧ ಸಬ್ಸಿಡಿ ಹೋಗಿ ನಿಮಗೆ ಬೀಳುವುದು 1,30,000. ಪೇಟೆಯ ನಿಜ ದರಕ್ಕೆ ಹೋಲಿಸಿದರೆ ನಿಮಗೆ ಸಿಕ್ಕ ರಿಯಾಯಿತಿ 70,000, ಅಂದರೆ ಶೇ 35. ಕಾಗದದ ಮೇಲೆ ಶೇ 50. ಉಳಿದ 60,000 ಮಾರಾಟಗಾರನ ಜೇಬಿಗೆ ಹೋಯಿತು, ಅದರ ಮೇಲಿನ ಬಡ್ಡಿ ನಿಮ್ಮ ತಲೆಗೆ ಬಂತು. ಸಬ್ಸಿಡಿಯ ಹೆಸರೇ ಎತ್ತದೆ ಕನಿಷ್ಠ ಮೂರು ಕಡೆ ದರ ಕೇಳಿ. ಶಿರಸಿ, ಹುಬ್ಬಳ್ಳಿ, ಮಂಗಳೂರಿನ ದರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಔಪಚಾರಿಕ ಕೊಟೇಶನ್ ತನ್ನಿ. ಮೋಟಾರಿನ ಎಚ್‌ಪಿ, ಸ್ಟೀಲಿನ ದರ್ಜೆ, ಟ್ರೇಗಳ ಸಂಖ್ಯೆ, ಸಾಗಾಟ, ಜೋಡಣೆ, ರಿಪೇರಿಗೆ ಎಷ್ಟು ದಿನದಲ್ಲಿ ಬರುತ್ತಾರೆ, ಇಷ್ಟೂ ಕೊಟೇಶನ್‌ನಲ್ಲಿ ಬರೆದಿರಬೇಕು. ಜೋಡಣೆಯ ಖರ್ಚು ಬಿಟ್ಟುಹೋದರೆ ಅದು ನಿಮ್ಮ ಕೈಯಿಂದಲೇ.

ಡ್ರೈಯರ್‌ಗೆ ಕೊಟ್ಟ ದುಡ್ಡು ಬೇರೆ, ಗಿರಣಿಗೆ ಕೊಟ್ಟದ್ದು ಬೇರೆ

ಮೂಲ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಅತ್ಯಂತ ಸ್ಪಷ್ಟ ಉತ್ತರ ಕೊಡುವ ಯಂತ್ರ ಡ್ರೈಯರ್. ಕಾರಣ ಮಳೆ. ಕುಮಟಾ, ಅಂಕೋಲಾ ಕಡೆ ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಸಿಪ್ಪೆ ಬಿಡಿಸಿ, ರಸದಲ್ಲಿ ಅದ್ದಿ, ಒಣಗಿಸಿ, ಮತ್ತೆ ಅದ್ದಿ ಒಣಗಿಸುವಷ್ಟರಲ್ಲಿ ಮೇ ಕೊನೆಯ ಮಳೆ ಬಂದು ಬಿಡುತ್ತದೆ. ಅರ್ಧ ಒಣಗಿದ ಸಿಪ್ಪೆಯನ್ನು ರಾಶಿ ಹಾಕಿಟ್ಟರೆ ಎರಡೇ ದಿನದಲ್ಲಿ ಬೂಸಲು. ಮುಟ್ಟಿದರೆ ಜಿಬುಟು ಜಿಬುಟು, ಮೂಗಿಗೆ ಹುಳಿ ವಾಸನೆ. ಘಟ್ಟದ ಮೇಲೆ ಹಲಸಿನ ಹಪ್ಪಳದ ಕತೆಯೂ ಅದೇ, ಚಾಪೆ ಹಾಸಲು ಬಿಸಿಲು ಸಿಗುವುದು ಮೇ ಮುಗಿಯುವ ತನಕ. ಜಾಯಿಕಾಯಿಯದು ಇನ್ನೂ ಕಷ್ಟ. ಅದು ಒಡೆದು ಬೀಳುವ ಮುಖ್ಯ ಕಾಲವೇ ಜೂನ್‌ನಿಂದ ಆಗಸ್ಟ್, ಜಡಿಮಳೆಯ ನಡುವೆ. ಜಾಪತ್ರೆಯನ್ನು, ಅಂದರೆ ಜಾಯಿಕಾಯಿಯ ಬೀಜಕ್ಕೆ ಸುತ್ತಿಕೊಂಡ ಕೆಂಪು ಪದರವನ್ನು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆ ಹಿಡಿದು ಕೆಂಪು ಹೋಗಿ ಕಂದು ತಿರುಗುತ್ತದೆ, ದರವೂ ಜೊತೆಗೇ ಇಳಿಯುತ್ತದೆ. 45ರಿಂದ 50 ಡಿಗ್ರಿ ಶಾಖದ ಡ್ರೈಯರ್‌ನಲ್ಲಿ ಹಾಕಿದರೆ ಆ ಕೆಂಪು ಉಳಿಯುತ್ತದೆ. ಅವಸರ ಮಾಡಿ 60 ದಾಟಿಸಿದರೆ ಮುಟ್ಟಿದ ಕೂಡಲೇ ಪುಡಿಯಾಗುವಷ್ಟು ಗರಿಗರಿ, ಪರಿಮಳವೂ ಹೋಗಿರುತ್ತದೆ.

ಇಲ್ಲಿ ಸಬ್ಸಿಡಿ ಇಲ್ಲದಿದ್ದರೆ ಹೆಚ್ಚಿನ ಮನೆಗಳು ಡ್ರೈಯರ್ ಕೊಳ್ಳುತ್ತಿರಲಿಲ್ಲ. ಹಣ್ಣು ಕಾಡಿನಲ್ಲೇ ಕೊಳೆಯುತ್ತಿತ್ತು ಅಥವಾ ಹಸಿಯಾಗಿಯೇ ಸಿಕ್ಕ ದರಕ್ಕೆ ಹೋಗುತ್ತಿತ್ತು. ಹಾಗಾಗಿ ಇಲ್ಲಿ ಹಾಕಿದ ಸರ್ಕಾರದ ದುಡ್ಡು ಹೊಸದೊಂದನ್ನು ಆಗುಮಾಡುತ್ತದೆ. ಆದರೆ ಪೇಟೆಯಲ್ಲಿ ಈಗಾಗಲೇ ಚೆನ್ನಾಗಿ ನಡೆಯುವ ಹಿಟ್ಟಿನ ಗಿರಣಿ ತನ್ನ ಹಳೆಯ ಯಂತ್ರದ ಬದಲು ಹೊಸ ಪಲ್ವರೈಸರ್ (ಪುಡಿ ಮಾಡುವ ಯಂತ್ರ) ತಂದರೆ? ಮುಂದಿನ ವರ್ಷ ಹೇಗೂ ತರುವವರೇ. ಎರಡು ಫೈಲಿಗೂ ಪಟ್ಟಿಯಲ್ಲಿ ಒಂದೊಂದು ಅಂಕ ಸಿಗುತ್ತದೆ, ಫಲ ಮಾತ್ರ ಅಜಗಜಾಂತರ.

ಡ್ರೈಯರ್ ಒಳ್ಳೆಯದು ಎಂದು ಕಣ್ಣು ಮುಚ್ಚಿ ತರುವ ಹಾಗೂ ಇಲ್ಲ. ನೂರಕ್ಕೆ 80 ಭಾಗ ನೀರಿರುವ 100 ಕಿಲೋ ಹಸಿ ಮಾಲನ್ನು ಶೇ 10 ತೇವಕ್ಕೆ ಇಳಿಸಿದರೆ ಕೈಗೆ ಬರುವುದು ಸುಮಾರು 22 ಕಿಲೋ. 78 ಕಿಲೋ ನೀರು ಆವಿಯಾಗಿ ಹೋಗಬೇಕು. ಒಂದು ಕಿಲೋ ನೀರನ್ನು ಆವಿ ಮಾಡಲು ಕನಿಷ್ಠ 0.63 ಯೂನಿಟ್ ವಿದ್ಯುತ್ ಬೇಕು, ಹಾಗಾಗಿ 49 ಯೂನಿಟ್ ಎಷ್ಟೇ ಒಳ್ಳೆಯ ಯಂತ್ರಕ್ಕೂ ತಪ್ಪದು. ಬಾಗಿಲ ಸಂದಿಯಲ್ಲಿ, ಬಿಸಿಗಾಳಿಯ ಜೊತೆ ಹೋಗುವ ಶಾಖ ಸೇರಿಸಿದರೆ ದುಪ್ಪಟ್ಟು, 100 ಯೂನಿಟ್ ಹಿಡಿಯಿರಿ. ಯೂನಿಟ್‌ಗೆ 7 ರೂಪಾಯಿ ಎಂದರೂ 700 ರೂಪಾಯಿ. ಒಣಗಿದ ಮಾಲಿನ ಕಿಲೋಗೆ ಸುಮಾರು 32 ರೂಪಾಯಿ ಬರೀ ಕರೆಂಟಿಗೆ ಹೋಯಿತು. ಜಾಪತ್ರೆಯಂಥ ದುಬಾರಿ ಮಾಲಿಗೆ ಇದು ಲೆಕ್ಕಕ್ಕೇ ಬಾರದು, ಅಗ್ಗದ ಮಾಲಿಗೆ ಲಾಭವನ್ನೇ ನುಂಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಹೆಸ್ಕಾಂ ಲೈನು ದಿನಗಟ್ಟಲೆ ಹೋಗುವ ಊರುಗಳಲ್ಲಿ ಪೂರ್ತಿ ವಿದ್ಯುತ್ತಿನ ಡ್ರೈಯರ್ ಇಟ್ಟುಕೊಂಡರೆ ಬೇಕಾದ ದಿನವೇ ಅದು ಸುಮ್ಮನೆ ನಿಂತಿರುತ್ತದೆ. ಅಡಿಕೆ ಸಿಪ್ಪೆ, ಸೌದೆಯ ಕುಲುಮೆಯಿಂದ ಬಿಸಿಗಾಳಿ ಮಾತ್ರ ಒಳಗೆ ಬರುವ, ಹೊಗೆ ಪ್ರತ್ಯೇಕ ಕೊಳವೆಯಲ್ಲಿ ಹೊರಗೆ ಹೋಗುವ ಮಾದರಿ ನಮ್ಮ ಕಡೆಗೆ ಹೆಚ್ಚು ಹೊಂದುತ್ತದೆ. ಅದಕ್ಕೂ ಫ್ಯಾನ್ ತಿರುಗಲು ಸ್ವಲ್ಪ ಕರೆಂಟು ಬೇಕು, ಸಣ್ಣ ಇನ್ವರ್ಟರ್ ಸಾಕಾಗುತ್ತದೆ.

ಯೋಜನಾ ವರದಿ, ಅಂದರೆ ಡಿಪಿಆರ್, ಬರೆಸುವಾಗ ಈ ಲೆಕ್ಕಗಳೇ ಕಾಣೆಯಾಗುತ್ತವೆ. ನಕಲು ಹೊಡೆದ ವರದಿಗಳಲ್ಲಿ ವರ್ಷಕ್ಕೆ 300 ಕೆಲಸದ ದಿನ ಎಂದು ಬರೆದಿರುತ್ತಾರೆ. ಹಲಸಿಗೆ 300 ದಿನ ಎಲ್ಲಿಂದ ಬರಬೇಕು? ಎಳೆಯ ಕಾಯಿಯಿಂದ ಹಿಡಿದು ಹಣ್ಣಿನವರೆಗೆ ಎಳೆದರೂ ಎರಡೂವರೆ, ಮೂರು ತಿಂಗಳು. ಕಂತು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ. ಒಂದೇ ಬೆಳೆ ನಂಬಿದ ಘಟಕ ಸಾಮಾನ್ಯವಾಗಿ ಇಲ್ಲೇ ಕುಸಿಯುವುದು. ಅದೇ ಡ್ರೈಯರಿಗೆ ಫೆಬ್ರುವರಿ, ಮಾರ್ಚ್‌ನಲ್ಲಿ ಕಾಳುಮೆಣಸು, ಮಾರ್ಚ್‌ನಿಂದ ಮೇವರೆಗೆ ಹಲಸು, ಏಪ್ರಿಲ್, ಮೇನಲ್ಲಿ ಮುರುಗಲು, ಜೂನ್‌ನಿಂದ ಆಗಸ್ಟ್‌ವರೆಗೆ ಜಾಯಿಕಾಯಿ, ಜಾಪತ್ರೆ, ನಡುನಡುವೆ ಬಾಳೆಕಾಯಿ ಎಂದು ಪಂಚಾಂಗ ಹಾಕಿದರೆ 180 ದಿನದವರೆಗೆ ಕೆಲಸ ಕೊಡಬಹುದು. ಆ ಪಂಚಾಂಗವನ್ನೇ ವರದಿಯಲ್ಲಿ ಬರೆಯಿರಿ. ಶಾಖೆಯ ವ್ಯವಸ್ಥಾಪಕರು ಬಯಲುಸೀಮೆಯಿಂದ ಬಂದವರಾಗಿದ್ದರೆ ಅವರಿಗೆ ನಮ್ಮ ಹಂಗಾಮು ತಿಳಿಯುವುದು ಹಾಗೆಯೇ. ಸಾಲದ ಕಂತನ್ನು ಹಂಗಾಮಿಗೆ ಹೊಂದಿಸಿ ಕೊಡಿ ಎಂದು ಕೇಳಲೂ ಅದು ಆಧಾರವಾಗುತ್ತದೆ.

ವರದಿಯ ಇನ್ನೊಂದು ದೊಡ್ಡ ತೂತು ದುಡಿಯುವ ಬಂಡವಾಳ. ಸಬ್ಸಿಡಿ ಸಿಗುವುದು ಯಂತ್ರ ಮತ್ತು ಅದಕ್ಕೆ ಬೇಕಾದ ಕಟ್ಟಡ ಕೆಲಸಕ್ಕೆ. ಕಟ್ಟಡ ಕೆಲಸ ಒಟ್ಟು ವೆಚ್ಚದ ಶೇ 30 ಮೀರಬಾರದು, ಜಾಗದ ಬೆಲೆ ಸೇರಿಸುವಂತಿಲ್ಲ. ಮಾಲು ಕೊಳ್ಳುವ ದುಡ್ಡಿಗೆ ಈ ಅರ್ಧ ಸಬ್ಸಿಡಿ ಇಲ್ಲ. ಕಾಳುಮೆಣಸು ಶಿರಸಿ ಪೇಟೆಗೆ ಬರುವ ಹಂಗಾಮಿನಲ್ಲಿ ವರ್ಷಕ್ಕೆ ಬೇಕಾದ 10 ಕ್ವಿಂಟಲ್ ಕೊಂಡಿಡಬೇಕು ಎಂದರೆ ಕಿಲೋಗೆ 600 ರೂಪಾಯಿಯಂತೆ 6 ಲಕ್ಷ ಬೇಕು. ಯಂತ್ರಗಳ ಇಡೀ ಯೋಜನೆಯೇ 6 ಲಕ್ಷದ್ದು! ಯಂತ್ರಕ್ಕೆಂದು ಕೈಲಿದ್ದ ದುಡ್ಡೆಲ್ಲ ಸುರಿದು, ಮೆಣಸು ಕೊಳ್ಳಲು ಚಿನ್ನ ಅಡವಿಡುವ ಸ್ಥಿತಿ ಬಂದರೆ ಸಬ್ಸಿಡಿಯ ಲಾಭ ಚಿನ್ನದ ಸಾಲದ ಬಡ್ಡಿಗೆ ಹೋಯಿತು. ಯಂತ್ರದ ಅವಧಿ ಸಾಲದ ಜೊತೆಯಲ್ಲೇ, ಬೇಕಾದಾಗ ತೆಗೆದು ಮತ್ತೆ ಕಟ್ಟುವ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಮಿತಿಯನ್ನೂ ಕೇಳಿ, ಒಂದೇ ಅರ್ಜಿಯಲ್ಲಿ. ಆಮೇಲೆ ಕೇಳುತ್ತೇನೆ ಎಂದರೆ ಆಮೇಲೆ ಎನ್ನುವುದು ಬರುವುದೇ ಇಲ್ಲ.

ಜಾಗದ ಕಾಗದ: ಈ ಜಿಲ್ಲೆಯ ಹಳೆಯ ನೋವು

ಉತ್ತರ ಕನ್ನಡದ ಬಹುಪಾಲು ಅರಣ್ಯ ಭೂಮಿ. ತಲೆಮಾರುಗಳಿಂದ ವಾಸವಿದ್ದರೂ ಮನೆ ಅತಿಕ್ರಮಣ ಜಾಗದಲ್ಲಿದೆ ಎನ್ನುವ ಕುಟುಂಬಗಳು ಸಾವಿರಾರು. ಜಾಗ ಸ್ವಂತದ್ದೇ ಆದರೂ ಪಹಣಿಯಲ್ಲಿ ಅಜ್ಜನ ಹೆಸರಿನ ಜೊತೆ ಎಂಟು ಜನರ ಜಂಟಿ ಹೆಸರು. ಹಪ್ಪಳ, ಉಪ್ಪಿನಕಾಯಿ, ಜೋನಿಬೆಲ್ಲ, ತೊಡದೇವು ಮಾಡುವ ಕೈಗಳು ಇರುವುದು ಇಂಥ ಮನೆಗಳಲ್ಲೇ. ಬ್ಯಾಂಕು ಕೇಳುವುದು ಕಟ್ಟಡದ ತೆರಿಗೆ ರಸೀದಿ, ಇ-ಸ್ವತ್ತಿನ ನಮೂನೆ (ಪಂಚಾಯಿತಿಯ ಆಸ್ತಿ ದಾಖಲೆ), ಪಂಚಾಯಿತಿಯ ಪರವಾನಗಿ. ಯಾರಿಗೆ ಈ ಸಹಾಯ ನಿಜಕ್ಕೂ ಬದಲಾವಣೆ ತರುತ್ತದೋ ಅವರೇ ಮೊದಲ ಬಾಗಿಲಲ್ಲಿ ಹಿಂದಿರುಗುತ್ತಾರೆ. ಈ ಸೇವೆಯಲ್ಲಿ ನಾವು ಕಾಣುವ ಅತಿ ದೊಡ್ಡ ಕೊರತೆ ಇದು, ಇದಕ್ಕೆ ಅಂಕ ಕಡಿಮೆ ಮಾಡಲೇಬೇಕು.

ದಾರಿ ಇಲ್ಲ ಎಂದಲ್ಲ. ಬಾಡಿಗೆ ಕಟ್ಟಡದಲ್ಲಿ ಘಟಕ ಹಾಕಬಹುದು, ಶೆಡ್ಡಿನ ಬಾಡಿಗೆಯನ್ನು ಮೂರು ವರ್ಷದ ಮಟ್ಟಿಗೆ ಯೋಜನಾ ವೆಚ್ಚದಲ್ಲೇ ತೋರಿಸಲು ಅವಕಾಶವಿದೆ. ಪ್ರಾಥಮಿಕ ಕೃಷಿ ಸಹಕಾರಿ ಸಂಘಗಳ ಖಾಲಿ ಗೋದಾಮು, ಹಾಲಿನ ಸಂಘದ ಪಕ್ಕದ ಕೋಣೆ, ಪಂಚಾಯಿತಿಯ ಹಳೆಯ ಕಟ್ಟಡ ಇಂಥವನ್ನು ವಿಚಾರಿಸಿ. ಕರಾರಿನ ಅವಧಿ ಸಾಲದ ಅವಧಿಗಿಂತ ಕಡಿಮೆ ಇರದ ಹಾಗೆ ಬರೆಸಿ, ನೋಂದಣಿ ಮಾಡಿಸಿ. ಜಂಟಿ ಪಹಣಿಯಾದರೆ ಉಳಿದ ಹಿಸ್ಸೆದಾರರ ಒಪ್ಪಿಗೆ ಪತ್ರ ಬೇಕು. ಮುಂಬೈಯಲ್ಲೋ ಬೆಂಗಳೂರಲ್ಲೋ ಇರುವ ಅಣ್ಣತಮ್ಮಂದಿರ ಸಹಿಯನ್ನು ಚೌತಿಗೋ ದೀಪಾವಳಿಗೋ ಊರಿಗೆ ಬಂದಾಗಲೇ ಹಾಕಿಸಿಟ್ಟುಕೊಳ್ಳುವುದು ಜಾಣತನ.

ಕನಿಷ್ಠ 10 ಲಕ್ಷದವರೆಗಿನ ಕಿರು ಉದ್ದಿಮೆ ಸಾಲಕ್ಕೆ ಆಸ್ತಿಯ ಅಡಮಾನ ಕೇಳಬಾರದು ಎನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಕೇಳಿದರೆ ಬಾಯಿಮಾತಿನಲ್ಲಿ ವಾದ ಬೇಡ. ಅಡಮಾನ ಬೇಕೆಂಬ ಕಾರಣಕ್ಕೆ ಅರ್ಜಿ ನಿಂತಿದೆಯೇ ಎಂದು ಪತ್ರ ಬರೆದು ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಜಿಲ್ಲೆಯ ಬ್ಯಾಂಕುಗಳನ್ನು ಸಂಯೋಜಿಸುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಕೊಡಿ.

ಅರ್ಜಿ ಹಾಕುವ ಕೆಲಸಕ್ಕೆ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಇದ್ದಾರೆ. ವರದಿ ಬರೆಯುವುದು, ಪೋರ್ಟಲ್‌ಗೆ ಹಾಕುವುದು, ಬ್ಯಾಂಕಿನ ಬೆನ್ನು ಹತ್ತುವುದು, ಉದ್ಯಮ್ (ಕಿರು ಉದ್ದಿಮೆ) ಮತ್ತು ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ, ಎಲ್ಲಕ್ಕೂ ಅವರೇ. ಅರ್ಜಿದಾರ ಅವರಿಗೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಮಂಜೂರಾದ ಒಂದೊಂದು ಸಾಲಕ್ಕೆ 20,000 ರೂಪಾಯಿಯನ್ನು ಯೋಜನೆಯೇ ಕೊಡುತ್ತದೆ. ಅರ್ಧ ಸಾಲ ಮಂಜೂರಾದಾಗ, ಉಳಿದರ್ಧ ನೋಂದಣಿ, ತರಬೇತಿ ಮುಗಿದು ಘಟಕ ನಿಂತ ಮೇಲೆ. ಇದು ಈ ಸೇವೆಯ ಅತ್ಯುತ್ತಮ ಭಾಗ. ಇಂಗ್ಲಿಷ್ ಫಾರಂ ಕಂಡರೆ ಹೆದರುವ ಹೆಣ್ಣುಮಕ್ಕಳನ್ನು ಬ್ಯಾಂಕಿನ ಮೇಜಿನ ಮುಂದೆ ಕೂರಿಸಿದ್ದು ಈ ವ್ಯವಸ್ಥೆಯೇ. ಆದರೆ ಸಂಭಾವನೆಯ ರೀತಿ ಅವರನ್ನು ಯಾವ ಕಡೆ ಎಳೆಯುತ್ತದೆ ಎಂದೂ ನೋಡಬೇಕು. ಸಿಬಿಲ್ ಅಂಕ (ಹಿಂದಿನ ಸಾಲ ತೀರಿಸಿದ ರೀತಿಗೆ ಸಿಗುವ ಅಂಕ) ಚೆನ್ನಾಗಿರುವ, ಪೇಟೆಯಲ್ಲಿ ಸ್ವಂತ ಕಟ್ಟಡ ಇರುವ ಅರ್ಜಿ ಹದಿನೈದು ದಿನದಲ್ಲಿ ಮುಗಿಯಬಹುದು. ಜೊಯಿಡಾದ ಕಾಡಿನೊಳಗಿನ ಜೇನು ಸಂಗ್ರಹಿಸುವ ಗುಂಪಿಗೆ ಆರು ಸಲ ಓಡಾಡಬೇಕು. ಎರಡಕ್ಕೂ ಅದೇ 20,000. ಸಾಲ ಹೇಗೂ ಸಿಗುವವರ ಕಡೆಗೇ ಕಾಲು ತಿರುಗಿದರೆ ಆ ವ್ಯಕ್ತಿಯ ತಪ್ಪೆನ್ನಲಾಗದು. ಸಂಭಾವನೆಯನ್ನು ದೂರ ಮತ್ತು ಕಷ್ಟಕ್ಕೆ ತಕ್ಕಂತೆ ಏರಿಳಿಸಿದರೆ ಇದು ಸರಿಹೋದೀತು.

ಸ್ವಸಹಾಯ ಸಂಘದ ಸದಸ್ಯರಿಗೆ ಇನ್ನೊಂದು ಬಾಗಿಲಿದೆ. ಆಹಾರ ತಯಾರಿಕೆಯಲ್ಲಿರುವ ಒಬ್ಬೊಬ್ಬ ಸದಸ್ಯೆಗೆ 40,000 ರೂಪಾಯಿವರೆಗಿನ ಬೀಜ ಬಂಡವಾಳ, ಒಕ್ಕೂಟದ ಮೂಲಕ, ಸಣ್ಣ ಉಪಕರಣ ಮತ್ತು ಮಾಲು ಕೊಳ್ಳಲು. ಹಪ್ಪಳ ಒತ್ತುವ ಯಂತ್ರ, ಸೀಲಿಂಗ್ ಯಂತ್ರ, ತೂಕದ ಯಂತ್ರ ಇಷ್ಟಕ್ಕೆ ಇದೇ ಸಾಕು, ದೊಡ್ಡ ಸಾಲಕ್ಕೆ ಕೈ ಹಾಕುವ ಅಗತ್ಯವೇ ಇಲ್ಲ. ಕಾರವಾರ, ಅಂಕೋಲಾ ಕಡೆಯ ಒಣಮೀನಿನವರು ಮೀನುಗಾರಿಕೆ ಇಲಾಖೆಯ ಮತ್ಸ್ಯ ಸಂಪದ ಯೋಜನೆಯನ್ನೂ ಕೇಳಿ ನೋಡಬೇಕು. ಅಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರು ಮತ್ತು ಪರಿಶಿಷ್ಟರಿಗೆ ಶೇ 60 ಎಂಬ ಲೆಕ್ಕವಿದೆ.

ಫಲ ಅಳೆಯುವುದು ಹೇಗೆ

ಸಮಪಾಲು ಅನುದಾನದ ಫಲವನ್ನು ಕಟ್ಟುನಿಟ್ಟಾಗಿ ಅಳೆದ ಉದಾಹರಣೆ ಜಗತ್ತಿನಲ್ಲೇ ಕಡಿಮೆ. ಯೆಮನ್‌ನಲ್ಲಿ ನಡೆದದ್ದೊಂದು ಹೆಸರಾಗಿದೆ. ಅಲ್ಲಿ ಮಾರಾಟ, ಲೆಕ್ಕಪತ್ರ, ತರಬೇತಿಯಂಥ ಸೇವೆಗಳ ಖರ್ಚಿನಲ್ಲಿ ಅರ್ಧವನ್ನು, ಗರಿಷ್ಠ 10,000 ಡಾಲರಿನವರೆಗೆ, ಸಣ್ಣ ಉದ್ದಿಮೆಗಳಿಗೆ ಕೊಟ್ಟರು. ಅರ್ಜಿದಾರರಲ್ಲಿ ಯಾರಿಗೆ ಎನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರಿಂದ ಸಿಕ್ಕವರನ್ನೂ ಸಿಗದವರನ್ನೂ ನ್ಯಾಯವಾಗಿ ಹೋಲಿಸಲು ಆಯಿತು. ಮೊದಲ ವರ್ಷದಲ್ಲೇ ಸಿಕ್ಕವರು ಹೆಚ್ಚು ಹೊಸ ಉತ್ಪನ್ನ ತಂದಿದ್ದರು, ಹೆಚ್ಚು ಪ್ರಚಾರ ಮಾಡಿದ್ದರು, ಲೆಕ್ಕ ಇಡುವ ಪದ್ಧತಿ ಸುಧಾರಿಸಿತ್ತು. ಅಂದರೆ ದುಡ್ಡು ಇಲ್ಲದಿದ್ದರೆ ಆಗದಿದ್ದದ್ದು ಆಗಿತ್ತು. ಮುಂದಿನ ವರ್ಷಗಳನ್ನು ಅಳೆಯಲು ಆ ದೇಶದ ಗಲಭೆ ಬಿಡಲಿಲ್ಲ. ಆಫ್ರಿಕಾದ ಆರು ದೇಶಗಳಲ್ಲಿ ಏಳು ಕಡೆ ಇಂಥದೇ ಅಳತೆಗೆ ಹೊರಟ ಸಂಶೋಧಕರು, ಅದು ಏಕೆ ಕೈಗೂಡಲಿಲ್ಲ ಎಂಬುದನ್ನೇ ಬರೆದರು. ಯೋಜನೆ ಮುಂದೆ ಮುಂದೆ ಹೋಗುತ್ತಿದ್ದದ್ದು, ಚೀಟಿ ಎತ್ತಲು ರಾಜಕಾರಣಿಗಳು ಒಪ್ಪದಿದ್ದದ್ದು, ಅರ್ಜಿಗಳೇ ಸಾಲದಿದ್ದದ್ದು. ಅರ್ಹತೆಯ ಷರತ್ತು ವಿಪರೀತ ಬಿಗಿ, ಕೊನೆಯ ಮೈಲಿಯ ಸಣ್ಣ ಸಣ್ಣ ತೊಡಕುಗಳ ಕಡೆ ಗಮನ ಇಲ್ಲದಿರುವುದು ಅದರ ಹಿಂದಿನ ಕಾರಣಗಳು. ಪಹಣಿಯ ಕತೆ ನೆನಪಿದ್ದವರಿಗೆ ಇದು ದೂರದ ಮಾತು ಅನ್ನಿಸದು.

ಚೀಟಿ ಎತ್ತಲು ನಮ್ಮಲ್ಲಿ ಆಗದು, ಸರಿ. ಆದರೂ ತಾಲ್ಲೂಕು ಮಟ್ಟದಲ್ಲೇ ಮಾಡಬಹುದಾದ ಅಳತೆಯೊಂದಿದೆ. ಸಹಾಯ ಸಿಕ್ಕ ಘಟಕಗಳ ಜೊತೆಗೆ, ಅದೇ ತಾಲ್ಲೂಕಿನ, ಅದೇ ಉತ್ಪನ್ನದ, ಅರ್ಜಿ ಹಾಕಿಯೂ ಇನ್ನೂ ಸಿಗದ ಘಟಕಗಳ ಲೆಕ್ಕವನ್ನೂ ಇಡಬೇಕು. ಸಿಕ್ಕವರು ತಿಂಗಳಿಗೆ 400 ಕಿಲೋ ಮಸಾಲೆ ಪುಡಿ ಮಾರುತ್ತಿದ್ದವರು 700ಕ್ಕೆ ಏರಿದರು ಎನ್ನಿ, 300 ಕಿಲೋ ಹೆಚ್ಚಳ. ಸಿಗದವರು 380ರಿಂದ 560ಕ್ಕೆ ಏರಿದ್ದರೆ ಅವರದೂ 180 ಹೆಚ್ಚಳ. ಹಾಗಾದರೆ ಯೋಜನೆಯ ಪಾಲು 300 ಅಲ್ಲ, 120. ಕಿಲೋಗೆ 60 ರೂಪಾಯಿ ಉಳಿತಾಯ ಇದ್ದರೆ ವರ್ಷಕ್ಕೆ 86,400. 3 ಲಕ್ಷದ ಸಬ್ಸಿಡಿಗೆ ಸರಿಗಟ್ಟಲು ಸುಮಾರು ಮೂರೂವರೆ ವರ್ಷ ಬೇಕು. 300 ಕಿಲೋ ಹಿಡಿದು ಲೆಕ್ಕ ಹಾಕಿದವರಿಗೆ ಒಂದೂವರೆ ವರ್ಷದೊಳಗೆ ಸರಿಗಟ್ಟಿದಂತೆ ಕಾಣುತ್ತದೆ. ಹೊರಗೆ ಹೇಳಿಕೊಳ್ಳುವುದು ಸಾಮಾನ್ಯವಾಗಿ ಈ ಎರಡನೆಯ ಲೆಕ್ಕ.

ಇದರಲ್ಲೂ ಎರಡು ಎಚ್ಚರಿಕೆ. ಸಿಗದವರು ಬ್ಯಾಂಕು ತಿರಸ್ಕರಿಸಿದವರಾಗಿದ್ದರೆ ಅವರು ಮೊದಲೇ ದುರ್ಬಲರು, ಹೋಲಿಕೆ ಯೋಜನೆಯ ಪರ ವಾಲುತ್ತದೆ. ಅದರ ಬದಲು ಸರದಿಯಲ್ಲಿ ಕಾಯುತ್ತಿರುವವರನ್ನು, ಈ ವರ್ಷದ ಬದಲು ಮುಂದಿನ ವರ್ಷ ಮಂಜೂರಾಗುವವರನ್ನು ಹೋಲಿಕೆಗೆ ಹಿಡಿಯಿರಿ. ಇನ್ನೊಂದು ಇನ್ನೂ ಸೂಕ್ಷ್ಮ. ಇಬ್ಬರೂ ಶಿರಸಿ ಪೇಟೆಯ ಅದೇ ಅಂಗಡಿಗಳಿಗೆ ಮಾರುವವರಾದರೆ ಸಿಕ್ಕವರ ಹೆಚ್ಚಳದಲ್ಲಿ ಒಂದಷ್ಟು ಸಿಗದವರಿಂದ ಕಿತ್ತುಕೊಂಡದ್ದು. ಯೋಜನೆಯೇ ಇಲ್ಲದಿದ್ದರೆ ಆ ಸಿಗದವರು 560 ಅಲ್ಲ, 600 ಮುಟ್ಟುತ್ತಿದ್ದರು ಎನ್ನಿ. ಆಗ ಸಹಜ ಬೆಳವಣಿಗೆ 220, ಸಿಕ್ಕವರ ನಿಜ ಲಾಭ 80, ಪಕ್ಕದವರ ನಷ್ಟ 40. ಎರಡೂ ಕಡೆ ಘಟಕಗಳ ಸಂಖ್ಯೆ ಸಮ ಇದ್ದರೆ ಜಿಲ್ಲೆಗೆ ಘಟಕವೊಂದಕ್ಕೆ ಉಳಿದದ್ದು 40 ಕಿಲೋ. 120 ಎಂದು ಕಂಡದ್ದು ಮೂರನೇ ಒಂದಾಯಿತು. ಮಾಲು ಗೋವಾಕ್ಕೋ ಬೆಂಗಳೂರಿಗೋ ಹೋಗುತ್ತಿದ್ದರೆ ಈ ಕಿತ್ತಾಟ ಕಡಿಮೆ. ಹಾಗಾಗಿ ಪುಸ್ತಕದಲ್ಲಿ ‘ಎಲ್ಲಿಗೆ ಮಾರಿದೆ’ ಎನ್ನುವ ಕಾಲಂ ಇಲ್ಲದಿದ್ದರೆ ಆ ಮೌಲ್ಯಮಾಪನಕ್ಕೆ ಬೆಲೆ ಇಲ್ಲ.

ಲೆಕ್ಕವನ್ನು ರೂಪಾಯಿಗಿಂತ ಕಿಲೋದಲ್ಲಿ ಇಡುವುದು ಕ್ಷೇಮ. ಮೆಣಸಿನ ದರ ಏರಿದ ವರ್ಷ ಏನೂ ಮಾಡದ ಘಟಕದ ವಹಿವಾಟೂ ಏರಿರುತ್ತದೆ. ಹಂಗಾಮನ್ನು ಹಂಗಾಮಿಗೇ ಹೋಲಿಸಬೇಕು, ಮೇ ತಿಂಗಳ ಹಪ್ಪಳದ ಮಾರಾಟವನ್ನು ಆಗಸ್ಟಿನದಕ್ಕೆ ಹೋಲಿಸಿದರೆ ಅರ್ಥವಿಲ್ಲ. ಸಾಲಕ್ಕೆ ಮುಂಚಿನ ಹನ್ನೆರಡು ತಿಂಗಳ ಕಿಲೋ, ಸರಾಸರಿ ದರ, ಎಷ್ಟು ಆಳು ಎಷ್ಟು ದಿನ, ಕೆಟ್ಟುಹೋದ ಮಾಲು ಎಷ್ಟು, ಈ ನಾಲ್ಕನ್ನು ಅರ್ಜಿಯ ಜೊತೆಯೇ ಬರೆದಿಡದಿದ್ದರೆ ಆಮೇಲೆ ಯಾರ ನೆನಪೂ ನಂಬುವಂತಿರುವುದಿಲ್ಲ. ಕೊನೆಯ ಅಳತೆ ನಾಲ್ಕನೆಯ ವರ್ಷದಲ್ಲಿ ಆಗಬೇಕು. ಮೂರು ವರ್ಷ ತುಂಬುವ ತನಕ ಸಬ್ಸಿಡಿ ವಜಾ ಆಗಲೆಂದಾದರೂ ಘಟಕದ ಬೋರ್ಡು ತೂಗುತ್ತಿರುತ್ತದೆ. ಅದಾದ ಮೇಲೂ ಯಂತ್ರ ತಿರುಗುತ್ತಿದೆಯೇ ಎನ್ನುವುದೇ ನಿಜ ಪರೀಕ್ಷೆ. ಹೆಸ್ಕಾಂ ಬಿಲ್ಲು ಇದಕ್ಕೆ ಒಳ್ಳೆಯ ಸಾಕ್ಷಿ, ಯೂನಿಟ್‌ಗಳು ಸುಳ್ಳು ಹೇಳುವುದಿಲ್ಲ.

ನಮ್ಮ ಅಂಕ: ಡ್ರೈಯರ್, ಕಾಳು ಶುಚಿ ಮಾಡಿ ವಿಂಗಡಿಸುವ ಯಂತ್ರ, ಪ್ಯಾಕಿಂಗ್‌ಗೆ ಐದರಲ್ಲಿ ನಾಲ್ಕು. ಅರ್ಜಿಗೆ ಕೈಹಿಡಿಯುವ ವ್ಯವಸ್ಥೆಗೂ ನಾಲ್ಕು. ಹಣ ಬರುವ ವೇಗಕ್ಕೆ ಎರಡೂವರೆ, ಜಾಗದ ಕಾಗದವಿಲ್ಲದವರಿಗೆ ತಲುಪುವುದರಲ್ಲಿ ಒಂದೂವರೆ, ಫಲವನ್ನು ಅಳೆಯುವ ಕೆಲಸಕ್ಕೆ ಒಂದು. ಈಗಾಗಲೇ ಮಾಡುತ್ತಿರುವ ಕೆಲಸಕ್ಕೆ ಗಿರಾಕಿ ಇದ್ದು, ಮಳೆಯಿಂದಲೋ ಪ್ಯಾಕಿಂಗ್ ಸರಿ ಇಲ್ಲದೆಯೋ ಮಾಲು ಕೈಜಾರುತ್ತಿದ್ದರೆ ಧೈರ್ಯವಾಗಿ ಹಾಕಿ. ಗಿರಾಕಿಯೇ ಇನ್ನೂ ಇಲ್ಲ, ಅರ್ಧ ಸಬ್ಸಿಡಿ ಸಿಗುತ್ತದೆ ಎಂದು ಹೊರಟಿದ್ದರೆ ಉಳಿದರ್ಧ ನಿಮ್ಮ ಸಾಲ ಎನ್ನುವುದನ್ನು ಮನೆಯವರ ಎದುರು ಒಮ್ಮೆ ಲೆಕ್ಕ ಹಾಕಿ ನೋಡಿ.

ಯೋಜನೆಯನ್ನು 2025-26ರವರೆಗೆ ವಿಸ್ತರಿಸಲಾಗಿತ್ತು. ಯೋಜನೆ ಈಗಲೂ ಇದೆಯೇ, ಈ ಸಾಲಿನ ಅನುದಾನ ಬಾಕಿ ಇದೆಯೇ ಎಂದು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದ ಮೇಲೆಯೇ ಕೊಟೇಶನ್‌ಗೆ ಓಡಾಡಿ. ಹಲಸು, ಮುರುಗಲಿನ ಘಟಕದವರು ಸೆಪ್ಟೆಂಬರ್‌ನಲ್ಲಿ ಕಾಗದಪತ್ರ ಜೋಡಿಸಿ ಅಕ್ಟೋಬರ್‌ನಲ್ಲಿ ಅರ್ಜಿ ಹಾಕಿದರೆ, ಬ್ಯಾಂಕಿಗೆ ಮೂರು ತಿಂಗಳು ಹೋದರೂ ಫೆಬ್ರುವರಿಯಲ್ಲಿ ಡ್ರೈಯರ್ ಬಂದು ಕೂರುತ್ತದೆ. ಮೊದಲ ಮಾಲಾಗಿ ಮೆಣಸು ಹಾಕಿ, ಶಾಖ ಎಲ್ಲ ಟ್ರೇಗೂ ಒಂದೇ ಸಮ ಬರುತ್ತದೆಯೇ ಎಂದು ಮೇಲಿನ, ನಡುವಿನ, ಕೆಳಗಿನ ಟ್ರೇಯಿಂದ ಒಂದೊಂದು ಮುಷ್ಟಿ ತೆಗೆದು ತೂಗಿ ನೋಡಿ. ವ್ಯತ್ಯಾಸ ಇದ್ದರೆ ಜೋಡಿಸಿದವರನ್ನು ಆಗಲೇ ಕರೆಸಿ. ಮೇ ಕೊನೆಯಲ್ಲಿ ಕರೆದರೆ ಘಟ್ಟ ಹತ್ತಿ ಬರುವಷ್ಟರಲ್ಲಿ ಮಳೆ ಹಿಡಿದಿರುತ್ತದೆ.